ಈ ಕೋಡನ್ನು ನಿಮ್ಮಲ್ಲಿ ಯಾರು ಓದಿದ್ದಾರೆ? ಸುದ್ದಿ ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಪಾದಕರೇ,

ನಮಸ್ಕಾರ. ನಾನು ನಿಮ್ಮ ಓದುಗ. ಹೊಟ್ಟೆಪಾಡಿಗೆ ವೆಬ್‌ಸೈಟ್ ಕಟ್ಟುವ ಕೆಲಸ ಮಾಡುತ್ತೇನೆ. ಹಾಗಾಗಿ ಸುದ್ದಿ ಓದುವಾಗ ಒಂದು ಕಣ್ಣು ಸುದ್ದಿಯ ಮೇಲಿದ್ದರೆ ಇನ್ನೊಂದು ಅದರ ಹಿಂದೆ ಓಡುವ ಕೋಡಿನ ಮೇಲಿರುತ್ತದೆ. ಈ ಪತ್ರ ಯಾವುದೋ ಒಂದು ಸಂಸ್ಥೆಗೆ ಬರೆದದ್ದಲ್ಲ. ವೆಬ್‌ನಲ್ಲಿ ಸುದ್ದಿ ಪ್ರಕಟಿಸುವ ಎಲ್ಲ ಸಂಪಾದಕರಿಗೂ ಬರೆದದ್ದು. ದೊಡ್ಡ ತಾಣ, ಸಣ್ಣ ತಾಣ ಅನ್ನುವ ಭೇದವಿಲ್ಲ. ಈ ವಿಷಯದಲ್ಲಿ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ಕಥೆ.

ನನ್ನ ಪ್ರಶ್ನೆ ಇಷ್ಟೇ. ನಿಮ್ಮ ವರದಿಗಾರರು ಒಂದು ಸಾಲು ಬರೆದು ತಂದರೆ 'ಇದನ್ನು ಹೇಳಿದ್ದು ಯಾರು?' ಅಂತ ಕೇಳುತ್ತೀರಿ. ಉಪಸಂಪಾದಕರು ಕಾಗುಣಿತ ನೋಡುತ್ತಾರೆ, ಹೆಸರು ಸರಿಯಿದೆಯಾ ನೋಡುತ್ತಾರೆ. ಮಾನನಷ್ಟದ ಭಯವಿದ್ದರೆ ವಕೀಲರಿಗೂ ತೋರಿಸುತ್ತೀರಿ. ಅದೇ ಸುದ್ದಿಯ ಜೊತೆ, ಅದೇ ಪುಟದಲ್ಲಿ, ಓದುಗರ ಫೋನಿಗೆ ಇಳಿಯುವ ಸಾವಿರಾರು ಸಾಲಿನ ಕೋಡನ್ನು ನಿಮ್ಮ ಕಚೇರಿಯಲ್ಲಿ ಯಾರು ಓದಿದ್ದಾರೆ?

ಯಾರೂ ಓದಿಲ್ಲ ಅಂತ ನನ್ನ ಅಂದಾಜು. ಓದಬೇಕು ಅಂದರೂ ಕಷ್ಟ. ಅದರಲ್ಲಿ ಬಹುಪಾಲು ನಿಮ್ಮ ಸರ್ವರ್‌ನಲ್ಲಿ ಇಲ್ಲವೇ ಇಲ್ಲ. ಬೇರೆ ಕಂಪನಿಗಳ ಸರ್ವರ್‌ನಿಂದ ನೇರವಾಗಿ ಓದುಗರ ಬ್ರೌಸರ್‌ಗೆ ಬರುತ್ತದೆ. ಇವತ್ತು ಬಂದದ್ದೇ ನಾಳೆಯೂ ಬರುತ್ತದೆ ಅನ್ನುವ ಖಾತರಿಯೂ ಇಲ್ಲ.

ನಾನು ಏನು ನೋಡುತ್ತೇನೆ ಅಂತ ಮೊದಲು ಹೇಳಿಬಿಡುತ್ತೇನೆ. ಕಂಪ್ಯೂಟರ್‌ನಲ್ಲಿ ಬ್ರೌಸರ್ ತೆರೆದು ಎಫ್12 ಒತ್ತಿದರೆ ಡೆವಲಪರ್ ಟೂಲ್ಸ್ ಬರುತ್ತದೆ. ಅದರಲ್ಲಿ ನೆಟ್‌ವರ್ಕ್ ಅನ್ನುವ ಟ್ಯಾಬ್ ಇದೆ. ಪುಟ ತೆರೆಯುವಾಗ ಬ್ರೌಸರ್ ಯಾರ್‍ಯಾರ ಬಾಗಿಲು ತಟ್ಟಿತು ಅನ್ನುವುದೆಲ್ಲ ಅಲ್ಲಿ ಸಾಲಾಗಿ ಕಾಣುತ್ತದೆ. ಇದಕ್ಕೆ ದೊಡ್ಡ ವಿದ್ಯೆ ಏನೂ ಬೇಡ, ನೀವೂ ನೋಡಬಹುದು.

ಮೊನ್ನೆ ಒಂದು ತಾಣದಲ್ಲಿ ಖಿನ್ನತೆಯ ಬಗ್ಗೆ ಬಂದಿದ್ದ ಲೇಖನವನ್ನು ಹೀಗೆ ತೆರೆದೆ. ಮೊದಲ ಸಾಲು ಆ ತಾಣದ್ದೇ, ಲೇಖನದ ಪಠ್ಯ. ಆಮೇಲೆ ಫಾಂಟು, ಒಂದು ಫೋಟೊ, ಲೋಗೊ. ಓದುವವರಿಗೆ ಬೇಕಾದದ್ದು ಅಲ್ಲಿಗೆ ಮುಗಿಯಿತು. ಪಟ್ಟಿ ಮಾತ್ರ ನಿಲ್ಲಲಿಲ್ಲ. ಟ್ಯಾಗ್ ಮ್ಯಾನೇಜರ್ ಅನ್ನುವ ಒಂದು ಸ್ಕ್ರಿಪ್ಟ್, ಅಂದರೆ ಬ್ರೌಸರ್‌ನಲ್ಲಿ ಓಡುವ ಕೋಡು, ಬಂತು. ಬೇರೆ ಸ್ಕ್ರಿಪ್ಟ್‌ಗಳನ್ನು ಕರೆತರುವುದೇ ಅದರ ಕೆಲಸ. ಅದು ಓದುಗರ ಲೆಕ್ಕ ಇಡುವ ಒಂದನ್ನು ಕರೆಯಿತು. ಜಾಹೀರಾತು ಹರಾಜು ಹಾಕುವ ಇನ್ನೊಂದನ್ನು ಕರೆಯಿತು. 'ನಿಮಗೆ ಇದೂ ಇಷ್ಟವಾಗಬಹುದು' ಅಂತ ಪುಟದ ಕೆಳಗೆ ಹೊಟ್ಟೆ ಕರಗಿಸುವ ಉಪಾಯಗಳ ಚಿತ್ರ ಅಂಟಿಸುವ ಮತ್ತೊಂದು ಬಂತು. ಹೀಗೆ ಬಂದ ಒಂದೊಂದೂ ತನ್ನ ಕಡೆಯವರನ್ನು ಕರೆಯಿತು. ನಾನು ಪುಟವನ್ನು ಸ್ವಲ್ಪ ಕೆಳಗೆ ಸರಿಸಿದೆ, ಇನ್ನೊಂದು ಗುಂಪು ಬಂತು. ಸುಮ್ನೆ ಕೈಕಟ್ಟಿ ಕೂತೆ. ಆಗಲೂ ಕೆಲವು ಸೆಕೆಂಡಿಗೊಮ್ಮೆ ಒಂದು ಪುಟ್ಟ ಸಂದೇಶ ಹೊರಗೆ ಹೋಗುತ್ತಲೇ ಇತ್ತು. ನಾನು ಇನ್ನೂ ಓದುತ್ತಿದ್ದೇನೆ, ಪುಟದ ಇಷ್ಟು ಭಾಗ ದಾಟಿದ್ದೇನೆ ಅಂತ ವರದಿ ಮಾಡುವ ಸಂದೇಶ ಅದು.

ಒಪ್ಪಿಗೆ ಕೇಳುವ ಪೆಟ್ಟಿಗೆ ಪುಟದ ಅಡಿಯಲ್ಲಿ ಇನ್ನೂ ಹಾಗೇ ನಿಂತಿತ್ತು. ನಾನು ಅದರಲ್ಲಿ ಹೌದು ಅಂತಲೂ ಒತ್ತಿರಲಿಲ್ಲ, ಬೇಡ ಅಂತಲೂ ಒತ್ತಿರಲಿಲ್ಲ.

ಆ ಪಟ್ಟಿಯಲ್ಲಿ ಕೆಲವು ಸಾಲುಗಳು ಚಿತ್ರದ ಫೈಲುಗಳು. ಅಗಲ ಒಂದು ಪಿಕ್ಸೆಲ್, ಎತ್ತರ ಒಂದು ಪಿಕ್ಸೆಲ್, ಬಣ್ಣವಿಲ್ಲ, ಪೂರ್ತಿ ಪಾರದರ್ಶಕ. ಇಂಥ ಜಿಫ್ ಚಿತ್ರದ ತೂಕ ಸಾಮಾನ್ಯವಾಗಿ 43 ಬೈಟ್. ಈ ಪತ್ರದ ಒಂದು ಪದ ಅದಕ್ಕಿಂತ ಭಾರ ಇರಬಹುದು. ಅದನ್ನು ಯಾರೂ ನೋಡಲಿ ಅಂತ ಇಟ್ಟಿಲ್ಲ. ಅದನ್ನು ತರಲು ಬ್ರೌಸರ್ ಹೋಗಬೇಕು, ಅಷ್ಟೇ. ಹೋಗುವಾಗ ಐಪಿ ವಿಳಾಸ, ಬ್ರೌಸರ್ ಯಾವುದು, ಯಾವ ತಾಣದಿಂದ ಬಂದೆ ಅನ್ನುವುದು, ಆ ಕಂಪನಿ ಹಿಂದೆ ಬ್ರೌಸರ್‌ನಲ್ಲಿ ಇಟ್ಟ ಗುರುತಿನ ಚೀಟಿ, ಅಂದರೆ ಕುಕಿ, ಇದ್ದರೆ ಅದನ್ನೂ ಒಪ್ಪಿಸಿ ಬರುತ್ತದೆ. ಓದುತ್ತಿರುವ ಪುಟದ ಪೂರ್ತಿ ವಿಳಾಸವನ್ನು ಆ ಚಿತ್ರದ ವಿಳಾಸದ ಬಾಲಕ್ಕೆ ಅಂಟಿಸಿ ಕಳಿಸುವುದೂ ಮಾಮೂಲಿ. ಖಿನ್ನತೆಯ ಲೇಖನದ ವಿಳಾಸದಲ್ಲಿ 'ಖಿನ್ನತೆ' ಅನ್ನುವ ಪದ ಸಾಮಾನ್ಯವಾಗಿ ಇರುತ್ತದೆ, ಅಲ್ವಾ?

ಈ ವ್ಯವಸ್ಥೆಯನ್ನು ಯಾರೋ ಒಬ್ಬರು ಕೂತು ಸಂಚು ಹೂಡಿ ಕಟ್ಟಿದ್ದಲ್ಲ. ಕುಕಿಯನ್ನು 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ರೂಪಿಸಿದರು. ಒಂದು ತಾಣ ತನ್ನ ಬಳಿ ಬಂದವರನ್ನು ನೆನಪಿಟ್ಟುಕೊಳ್ಳಲಿ ಅನ್ನುವುದು ಅದರ ಉದ್ದೇಶ. ಅದೇ ವರ್ಷ ಅಕ್ಟೋಬರ್‌ನಲ್ಲಿ ಹಾಟ್‌ವೈರ್ಡ್ ತಾಣದಲ್ಲಿ ಎಟಿ ಅಂಡ್ ಟಿ ಕಂಪನಿಯ ಬ್ಯಾನರ್ ಜಾಹೀರಾತು ಬಂತು. ಅವು ಬೇರೆ ಬೇರೆ ಇದ್ದಷ್ಟು ಕಾಲ ತೊಂದರೆ ಇರಲಿಲ್ಲ. ಒಂದೇ ಜಾಹೀರಾತು ಕಂಪನಿ ಸಾವಿರಾರು ತಾಣಗಳಲ್ಲಿ ತನ್ನ ಚಿತ್ರ ಹಾಕತೊಡಗಿದಾಗ ಕಥೆ ಬದಲಾಯಿತು. ಓದುಗರು ಎಲ್ಲಿ ಹೋದರೂ ಅದೇ ಕಂಪನಿ ಅದೇ ಕುಕಿಯನ್ನು ವಾಪಸ್ ಓದಬಹುದಾಯಿತು. ಅಲ್ಲಿಂದ ಮುಂದೆ ಜಾಹೀರಾತಿನ ಜಾಗಕ್ಕಿಂತ ಓದುಗರ ಗುರುತಿಗೇ ಬೆಲೆ ಬಂತು. ಇಂಥ ಕುಕಿಗಳಿಗೇ ಹೆಸರಾಗಿದ್ದ ಡಬಲ್‌ಕ್ಲಿಕ್ ಕಂಪನಿಯನ್ನು ಕೊಳ್ಳಲು ಗೂಗಲ್ 310 ಕೋಟಿ ಡಾಲರ್ ಕೊಟ್ಟಿತು. ಆ ವ್ಯವಹಾರ ಮುಗಿದದ್ದು 2008ರಲ್ಲಿ.

ಈಗಿನ ಹರಾಜಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಂಪಾದಕೀಯ ವಿಭಾಗದಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆಯೋ ನನಗೆ ಅನುಮಾನ.

ಓದುಗರು ಪುಟ ತೆರೆದ ಕೂಡಲೇ ಅಲ್ಲಿರುವ ಖಾಲಿ ಜಾಗಕ್ಕೆ ಹರಾಜು ಶುರುವಾಗುತ್ತದೆ. ಕೂಗುವವರಿಗೆ ಒಂದು ಸಂದೇಶ ಹೋಗುತ್ತದೆ. ಅದರಲ್ಲಿ ಪುಟದ ವಿಳಾಸ, ಪುಟದ ವಿಷಯ, ಫೋನಿನ ಮಾದರಿ, ಭಾಷೆ, ಓದುಗರು ಸುಮಾರು ಎಲ್ಲಿದ್ದಾರೆ ಅನ್ನುವುದು, ಅವರಿಗೆ ಕೊಟ್ಟಿರುವ ಗುರುತಿನ ಸಂಖ್ಯೆ ಇವೆಲ್ಲ ಇರಬಹುದು. ಕೂಗುವವರು ಉತ್ತರ ಕೊಡಬೇಕಾದ ಸಮಯ ಸುಮಾರು 100 ಮಿಲಿಸೆಕೆಂಡ್. ಗೆದ್ದವರ ಜಾಹೀರಾತು ಪುಟದಲ್ಲಿ ಬರುತ್ತದೆ. ಸೋತವರು? ಅವರಿಗೂ ಸಂದೇಶ ತಲುಪಿಯಾಗಿದೆ. ಅದನ್ನು ಓದಿ ಮರೆತುಬಿಡಿ ಅಂತ ನಿಯಮ ಬರೆಯಬಹುದು. ಮರೆತರೋ ಇಲ್ಲವೋ ನೋಡುವುದಕ್ಕೆ ನಿಮಗೂ ದಾರಿಯಿಲ್ಲ, ನನಗೂ ದಾರಿಯಿಲ್ಲ. ಕೊಳ್ಳುವ ಇರಾದೆಯೇ ಇಲ್ಲದೆ, ಬರೀ ಸಂದೇಶ ಕೇಳಿಸಿಕೊಳ್ಳುವುದಕ್ಕೆ ಹರಾಜಿನಲ್ಲಿ ಕೂತವರಿದ್ದರೂ ನಮಗೆ ಗೊತ್ತಾಗುವುದಿಲ್ಲ.

ಪುಟದ ವಿಷಯ ಅಂದೆನಲ್ಲ, ಅದಕ್ಕೂ ಒಂದು ಪಟ್ಟಿ ಇದೆ. ಜಾಹೀರಾತು ಉದ್ಯಮದ ಸಂಘ ಐಎಬಿ ಮಾಡಿದ್ದು. ಹರಾಜಿನ ಸಂದೇಶಗಳಲ್ಲಿ ಬಹಳ ಕಾಲ ಬಳಕೆಯಲ್ಲಿದ್ದ ಅದರ ಮೊದಲ ಪಟ್ಟಿಯಲ್ಲಿ ಆರೋಗ್ಯದ ಅಡಿ ಐಎಬಿ7-3 ಅಂದರೆ ಏಡ್ಸ್, ಎಚ್ಐವಿ. ಐಎಬಿ7-30 ಅಂದರೆ ಮಕ್ಕಳಾಗದಿರುವ ಸಮಸ್ಯೆ. ಐಎಬಿ7-28 ಅಂದರೆ ಮನೆಯವರಿಂದಲೇ ಲೈಂಗಿಕ ದೌರ್ಜನ್ಯ ಅನುಭವಿಸಿದವರಿಗೆ ನೆರವು. ಇದು ಪುಟಕ್ಕೆ ಅಂಟಿಸುವ ಚೀಟಿ, ಮನುಷ್ಯರಿಗೆ ಅಲ್ಲ ಅಂತ ಉದ್ಯಮದವರು ಹೇಳುತ್ತಾರೆ. ಮಾತು ನಿಜವೇ. ಆದರೆ ಅದೇ ಸಂದೇಶದಲ್ಲಿ ಓದುಗರ ಗುರುತಿನ ಸಂಖ್ಯೆಯೂ ಇದ್ದರೆ ಚೀಟಿ ಯಾರಿಗೆ ಅಂಟಿತು?

ಆ ಲೇಖನವನ್ನು ನಿಮ್ಮ ವರದಿಗಾರ್ತಿ ಎಷ್ಟು ಎಚ್ಚರದಿಂದ ಬರೆದಿರುತ್ತಾರೆ ಯೋಚಿಸಿ. ದೌರ್ಜನ್ಯಕ್ಕೆ ಒಳಗಾದವರ ಹೆಸರು ಬದಲಾಯಿಸಿರುತ್ತಾರೆ. ಊರು ಹೇಳಿರುವುದಿಲ್ಲ. ಫೋಟೊದಲ್ಲಿ ಮುಖ ಮಸುಕು ಮಾಡಿರುತ್ತಾರೆ. ಲೇಖನದ ಕೆಳಗೆ ಸಹಾಯವಾಣಿಯ ನಂಬರ್ ಹಾಕಿರುತ್ತಾರೆ. ಅದೇ ನೋವಿರುವ ಇನ್ನೊಬ್ಬರು ರಾತ್ರಿ ಅದನ್ನು ಹುಡುಕಿಕೊಂಡು ಬಂದು ಓದುತ್ತಾರೆ. ಬರಹದೊಳಗಿನವರ ಗುಟ್ಟನ್ನು ನೀವು ಕಾಪಾಡಿದಿರಿ. ಓದಲು ಬಂದವರ ಗುಟ್ಟನ್ನು ಹರಾಜಿಗೆ ಇಟ್ಟಿರಿ.

ಸುದ್ದಿ ತಾಣಗಳನ್ನೇ ಯಾಕೆ ಹಿಡಿದುಕೊಂಡೆ ಅಂತ ನಿಮಗೆ ಅನ್ನಿಸಬಹುದು. ಎಲ್ಲರೂ ಇದನ್ನೇ ಮಾಡುತ್ತಾರಲ್ಲ? ಮಾಡುತ್ತಾರೆ, ನಿಮ್ಮಷ್ಟು ಮಾಡುವುದಿಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸ್ಟೀವನ್ ಎಂಗಲ್‌ಹಾರ್ಟ್ ಮತ್ತು ಅರವಿಂದ್ ನಾರಾಯಣನ್ 2016ರಲ್ಲಿ 10 ಲಕ್ಷ ತಾಣಗಳನ್ನು ಅಳೆದು ನೋಡಿದರು. ಎಲ್ಲ ಬಗೆಯ ತಾಣಗಳಲ್ಲಿ ಹೆಚ್ಚು ಟ್ರ್ಯಾಕರ್, ಅಂದರೆ ಓದುಗರ ಬೆನ್ನು ಹತ್ತುವ ಇಂಥ ಕೋಡು, ಇದ್ದದ್ದು ಸುದ್ದಿ ತಾಣಗಳಲ್ಲಿ. ಅದಕ್ಕೆ ಅವರು ಕೊಟ್ಟ ಕಾರಣವೂ ಯೋಚಿಸುವಂಥದ್ದೇ. ಸುದ್ದಿ ತಾಣಗಳು ಬರಹವನ್ನು ಉಚಿತವಾಗಿ ಕೊಡುತ್ತವೆ, ಬೇರೆ ಆದಾಯ ಕಡಿಮೆ, ಆದ್ದರಿಂದ ಜಾಹೀರಾತಿನ ಒತ್ತಡ ಜಾಸ್ತಿ.

ಅಂದರೆ ದುಡ್ಡಿನ ವಿಷಯ. ನಾನು ಅದನ್ನು ಹಗುರವಾಗಿ ನೋಡುತ್ತಿಲ್ಲ. ಸಂಬಳ ಕೊಡಬೇಕು, ವರದಿಗಾರರನ್ನು ಹೊರಗೆ ಕಳಿಸಬೇಕು, ಓದುಗರು ಚಂದಾ ಕೊಡಲು ಹಿಂದೆಮುಂದೆ ನೋಡುತ್ತಾರೆ. ನಿಮ್ಮ ಜಾಹೀರಾತು ವಿಭಾಗದವರು 'ಈ ಸ್ಕ್ರಿಪ್ಟ್ ತೆಗೆದರೆ ಆದಾಯ ಬೀಳುತ್ತದೆ' ಅಂದಾಗ ನೀವು ಬಾಯಿ ಮುಚ್ಚಿಕೊಳ್ಳುವುದು ಸಹಜ. ಆದರೆ ಆ ಮಾತಿಗೂ ನಿಮ್ಮ ವರದಿಗಾರರನ್ನು ಕೇಳುವ ಪ್ರಶ್ನೆಯನ್ನೇ ಕೇಳಿ. ಹೇಳಿದ್ದು ಯಾರು? ಲೆಕ್ಕ ಎಲ್ಲಿ?

ಯಾಕೆಂದರೆ ಸಿಕ್ಕಿರುವ ಲೆಕ್ಕ ಬೇರೆಯೇ ಇದೆ. 2016ರಲ್ಲಿ ಗಾರ್ಡಿಯನ್ ಪತ್ರಿಕೆ ತನ್ನದೇ ತಾಣದ ಜಾಹೀರಾತು ಜಾಗವನ್ನು ಹರಾಜಿನಲ್ಲಿ ತಾನೇ ಕೊಂಡು ನೋಡಿತು. ತೀರಾ ಕೆಟ್ಟ ಉದಾಹರಣೆಯಲ್ಲಿ ಒಂದು ಪೌಂಡ್ ಕೊಟ್ಟರೆ 30 ಪೆನ್ಸ್ ಮಾತ್ರ ಅದರ ಕೈಗೆ ಬಂತು. ಉಳಿದದ್ದು ದಾರಿಯಲ್ಲಿ ಖಾಲಿ. 2020ರಲ್ಲಿ ಬ್ರಿಟನ್ನಿನ ಜಾಹೀರಾತುದಾರರ ಸಂಘ ಐಎಸ್‌ಬಿಎ ಪರವಾಗಿ ಲೆಕ್ಕಪರಿಶೋಧನೆ ಮಾಡುವ ಪಿಡಬ್ಲ್ಯುಸಿ ಕಂಪನಿ ಇದೇ ದಾರಿಯನ್ನು ಅಳೆಯಿತು. ಜಾಹೀರಾತುದಾರರು ಕೊಟ್ಟ ದುಡ್ಡಿನಲ್ಲಿ ಪ್ರಕಾಶಕರಿಗೆ ತಲುಪಿದ್ದು ಶೇ. 51. ಶೇ. 15ರಷ್ಟು ಎಲ್ಲಿ ಹೋಯಿತು ಅಂತ ಲೆಕ್ಕಿಗರಿಗೂ ಪತ್ತೆಯಾಗಲಿಲ್ಲ. ಅದೂ ಹೆಸರಾಂತ ಕಂಪನಿಗಳ, ಹೆಸರಾಂತ ಪ್ರಕಾಶಕರ ನಡುವಿನ ವ್ಯವಹಾರ ಅದು. ಈ ದಾರಿಯ ದೊಡ್ಡ ಸುಂಕದ ಕಟ್ಟೆ ಯಾರದ್ದು ಅನ್ನುವುದು ಗುಟ್ಟೇನಲ್ಲ. ಜಾಹೀರಾತು ಹರಾಜು ಕಟ್ಟೆ ಮತ್ತು ಯಾವ ಜಾಗಕ್ಕೆ ಯಾವ ಜಾಹೀರಾತು ಅಂತ ತೀರ್ಮಾನಿಸಲು ಪ್ರಕಾಶಕರು ಬಳಸುವ ಆ್ಯಡ್ ಸರ್ವರ್ ಎರಡರಲ್ಲೂ ಗೂಗಲ್ ಕಾನೂನು ಮೀರಿ ಏಕಸ್ವಾಮ್ಯ ಸಾಧಿಸಿದೆ ಅಂತ ಅಮೆರಿಕದ ನ್ಯಾಯಾಧೀಶೆ ಲಿಯೋನಿ ಬ್ರಿಂಕೆಮಾ 2025ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟರು.

ಇನ್ನು ಟ್ರ್ಯಾಕಿಂಗ್ ಬಿಟ್ಟವರ ಗತಿ. ಜನರ ಖಾಸಗಿ ಮಾಹಿತಿ ಕಾಪಾಡುವ ಯುರೋಪಿನ ಜಿಡಿಪಿಆರ್ ಕಾನೂನು 2018ರ ಮೇ 25ಕ್ಕೆ ಜಾರಿಗೆ ಬಂದಾಗ ನ್ಯೂಯಾರ್ಕ್ ಟೈಮ್ಸ್ ತನ್ನ ಯುರೋಪಿನ ಪುಟಗಳಲ್ಲಿ ಓದುಗರ ಚಲನವಲನ ನೋಡಿ ಜಾಹೀರಾತು ತೋರಿಸುವುದನ್ನು ನಿಲ್ಲಿಸಿತು. ಅಲ್ಲಿನ ಜಾಹೀರಾತು ಆದಾಯ ಕುಸಿಯಲಿಲ್ಲ. ನೆದರ್‌ಲೆಂಡ್ಸ್‌ನ ಸಾರ್ವಜನಿಕ ಪ್ರಸಾರ ಸಂಸ್ಥೆಯ ಜಾಹೀರಾತು ನೋಡಿಕೊಳ್ಳುವ ಸ್ಟೆರ್ 2020ರ ಆರಂಭದಲ್ಲಿ ಟ್ರ್ಯಾಕಿಂಗ್ ಕುಕಿಯನ್ನೇ ಕೈಬಿಟ್ಟು, ಪುಟದಲ್ಲಿ ಏನಿದೆಯೋ ಅದಕ್ಕೆ ಹೊಂದುವ ಜಾಹೀರಾತು ಹಾಕಿತು. ಆ ವರ್ಷದ ಮೊದಲ ತಿಂಗಳುಗಳ ಆದಾಯ ಹಿಂದಿನ ವರ್ಷಕ್ಕಿಂತ ಹೆಚ್ಚೇ ಬಂತು. ಈ ಇಬ್ಬರಿಗೂ ಹೆಸರಿದೆ, ಜಾಹೀರಾತು ಮಾರುವ ತಮ್ಮದೇ ತಂಡ ಇದೆ. ಮೂರು ಜನ ಸೇರಿ ನಡೆಸುವ ಸಣ್ಣ ತಾಣಕ್ಕೆ ಇದು ಹಾಗೇ ಒಗ್ಗುತ್ತದೆ ಅಂತ ನಾನು ಹೇಳಲಾರೆ. ಆದರೆ ದೊಡ್ಡ ತಾಣಗಳಿಗೆ ಆ ನೆಪ ಇಲ್ಲ. ಹಾಗಿದ್ದೂ ಹೆಚ್ಚು ಸ್ಕ್ರಿಪ್ಟ್ ನನಗೆ ಕಾಣುವುದು ದೊಡ್ಡ ತಾಣಗಳಲ್ಲೇ.

ನಿಮಗೇ ನಷ್ಟವಾಗುವ ಇನ್ನೊಂದು ವಿಷಯ ಇದೆ, ಇದನ್ನು ಯಾರೂ ನಿಮಗೆ ಹೇಳುವುದಿಲ್ಲ. ನಿಮ್ಮ ಓದುಗರ ಗುರುತು ಒಮ್ಮೆ ಹರಾಜಿನವರ ಕೈಗೆ ಸಿಕ್ಕಿತು ಅಂದರೆ ಅವರನ್ನು ಹಿಡಿಯಲು ನಿಮ್ಮ ತಾಣವೇ ಬೇಕು ಅಂತಿಲ್ಲ. ಅರ್ಥಶಾಸ್ತ್ರದ ನಿಮ್ಮ ಗಂಭೀರ ಅಂಕಣ ಓದಿದವರು ಸಂಜೆ ಯಾವುದೋ ಕದ್ದ ಬರಹಗಳ ತಾಣಕ್ಕೆ ಹೋದಾಗ ಅಲ್ಲಿ ಅಗ್ಗದ ದರದಲ್ಲಿ ಅದೇ ಜಾಹೀರಾತು ತೋರಿಸಬಹುದು. ಅಂಕಣ ಬರೆಸಲು ಖರ್ಚು ಮಾಡಿದ್ದು ನೀವು. ಅದರ ಫಲ ಉಂಡದ್ದು ಅವರು. ಇಷ್ಟೆಲ್ಲ ಆಗುವುದು ನೀವೇ ಪುಟದಲ್ಲಿ ಕೂರಿಸಿಕೊಂಡ ಸ್ಕ್ರಿಪ್ಟ್‌ನಿಂದ.

ಓದುಗರ ಮಾತಿಗೆ ಬರುತ್ತೇನೆ. ಪುಟದ ತೂಕವನ್ನೇ ತಗೊಳ್ಳಿ. 2018ರಲ್ಲಿ ಜಿಡಿಪಿಆರ್ ಬಂದಾಗ ಯುಎಸ್ಎ ಟುಡೆ ಯುರೋಪಿನ ಓದುಗರಿಗೆ ಟ್ರ್ಯಾಕರ್, ಜಾಹೀರಾತು ಸ್ಕ್ರಿಪ್ಟ್ ಇಲ್ಲದ ಪುಟ ಕೊಟ್ಟಿತು. 5.2 ಎಂಬಿ ಇದ್ದ ಮುಖಪುಟ 500 ಕೆಬಿಗೆ ಇಳಿಯಿತು. ಸುದ್ದಿ ಅಷ್ಟೇ ಇತ್ತು, ಫೋಟೊಗಳೂ ಇದ್ದವು. ಅಂದರೆ ಮಿಕ್ಕ ಓದುಗರು ಇಳಿಸಿಕೊಳ್ಳುತ್ತಿದ್ದ ಹತ್ತರಲ್ಲಿ ಒಂಬತ್ತು ಪಾಲು ಸುದ್ದಿಯೇ ಆಗಿರಲಿಲ್ಲ. ಆ ಡೇಟಾಕ್ಕೆ ದುಡ್ಡು ಕೊಟ್ಟದ್ದು ಓದುಗರು, ಬ್ಯಾಟರಿ ಸವೆದದ್ದು ಓದುಗರದ್ದು. ಅಮೆರಿಕದ ಸಾರ್ವಜನಿಕ ರೇಡಿಯೊ ಸಂಸ್ಥೆ ಎನ್‌ಪಿಆರ್ ಆಗ ಟ್ರ್ಯಾಕಿಂಗ್ ಬೇಡ ಅಂದವರಿಗೆ ಬರೀ ಪಠ್ಯದ ಪುಟ ಕೊಟ್ಟಿತು. ಶಿಕ್ಷೆಯೋ ಅನ್ನುವ ಹಾಗೆ ಕೊಟ್ಟ ಆ ಪುಟವನ್ನು ಎಷ್ಟೋ ಜನ ಮೆಚ್ಚಿಕೊಂಡರು, ನಾನೂ ಅವರಲ್ಲಿ ಒಬ್ಬ. ಲಾಸ್ ಏಂಜಲೀಸ್ ಟೈಮ್ಸ್, ಶಿಕಾಗೊ ಟ್ರಿಬ್ಯೂನ್ ಪತ್ರಿಕೆಗಳು ಯುರೋಪಿನ ಓದುಗರಿಗೆ ಬಾಗಿಲನ್ನೇ ಹಾಕಿದವು. ಟ್ರ್ಯಾಕರ್ ತೆಗೆಯುವುದಕ್ಕಿಂತ ಓದುಗರನ್ನು ತೆಗೆಯುವುದು ಸುಲಭ ಅನ್ನಿಸಿತ್ತೋ ಏನೋ.

ಅಪಾಯದ ಮಾತಂತೂ ಬೇರೆಯೇ. ಬೇರೆಯವರ ಸ್ಕ್ರಿಪ್ಟ್ ನಿಮ್ಮ ಪುಟದಲ್ಲಿ ಓಡುವಾಗ ಅದಕ್ಕೆ ನಿಮ್ಮ ಕೋಡಿಗಿರುವಷ್ಟೇ ಅಧಿಕಾರ ಇರುತ್ತದೆ. ಪುಟದಲ್ಲಿ ಟೈಪ್ ಮಾಡಿದ್ದನ್ನು ಓದಬಹುದು, ಶೀರ್ಷಿಕೆಯನ್ನೇ ಬದಲಾಯಿಸಬಹುದು, ಓದುಗರನ್ನು ಬೇರೆ ಕಡೆಗೆ ಎಳೆದೊಯ್ಯಬಹುದು. ಇದು ಬರೀ ಊಹೆಯಲ್ಲ. 2013ರ ಆಗಸ್ಟ್‌ನಲ್ಲಿ ಸಿರಿಯನ್ ಎಲೆಕ್ಟ್ರಾನಿಕ್ ಆರ್ಮಿ ಅನ್ನುವ ಹ್ಯಾಕರ್ ಗುಂಪು ವಾಷಿಂಗ್ಟನ್ ಪೋಸ್ಟ್, ಸಿಎನ್‌ಎನ್, ಟೈಮ್ ತಾಣಗಳಲ್ಲಿ ಕೈಯಾಡಿಸಿತು. ಆ ಮೂರನ್ನೂ ಒಂದೊಂದಾಗಿ ಒಡೆಯಲಿಲ್ಲ. ಮೂರೂ ಕಡೆ 'ಇದನ್ನೂ ಓದಿ' ಪಟ್ಟಿ ಹಾಕುತ್ತಿದ್ದ ಔಟ್‌ಬ್ರೇನ್ ಕಂಪನಿಯೊಳಗೆ ನುಗ್ಗಿದರು, ಅಷ್ಟೇ ಸಾಕಾಯಿತು. ಮರುವರ್ಷ ನವೆಂಬರ್‌ನಲ್ಲಿ ಗಿಗ್ಯಾ ಅನ್ನುವ ಇನ್ನೊಂದು ಸೇವೆಯ ಮೂಲಕ ಇದೇ ಗುಂಪು ಇಂಡಿಪೆಂಡೆಂಟ್, ಟೆಲಿಗ್ರಾಫ್ ಸೇರಿ ಹಲವು ತಾಣಗಳ ಓದುಗರಿಗೆ ತನ್ನ ಸಂದೇಶ ತೋರಿಸಿತು. 2016ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್, ಬಿಬಿಸಿಯಂಥ ತಾಣಗಳಲ್ಲಿ ಬಂದ ಜಾಹೀರಾತುಗಳ ಬೆನ್ನಿಗೆ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ್‍ಯಾನ್ಸಮ್‌ವೇರ್ ಅಂಟಿಕೊಂಡು ಬಂತು. ಕ್ಲಿಕ್ ಮಾಡುವುದೂ ಬೇಕಿರಲಿಲ್ಲ. ಹಳೆಯ ಬ್ರೌಸರೋ ಹಳೆಯ ಪ್ಲಗಿನ್ನೋ ಇದ್ದವರಿಗೆ ಪುಟ ತೆರೆದದ್ದೇ ತಪ್ಪಾಯಿತು.

ಇವೆಲ್ಲ ಹಳೆಯ ಕಥೆ ಅಂದುಕೊಳ್ಳಬೇಡಿ. ಹಳೆಯ ಬ್ರೌಸರ್‌ಗಳಿಗೆ ಸಹಾಯ ಮಾಡುವ ಪಾಲಿಫಿಲ್ ಡಾಟ್ ಐಒ ಅನ್ನುವ ಒಂದು ಉಚಿತ ಸೇವೆ ಇತ್ತು. ಡೆವಲಪರ್‌ಗಳು ಅದನ್ನು ನಂಬಿ ಒಂದು ಸಾಲು ಸೇರಿಸಿ ಮರೆತಿದ್ದರು. ಆ ವಿಳಾಸ ಬೇರೆ ಕಂಪನಿಯ ಕೈಗೆ ಹೋಯಿತು. 2024ರ ಜೂನ್‌ನಲ್ಲಿ ಅಲ್ಲಿಂದ ಕೆಟ್ಟ ಕೋಡ್ ಬರುತ್ತಿರುವುದು ಪತ್ತೆಯಾದಾಗ ಒಂದು ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿ ಆ ಸಾಲು ಇನ್ನೂ ಇತ್ತು. ನಿಮ್ಮ ಪುಟದಲ್ಲಿ ಇಂಥ ಸಾಲು ಎಷ್ಟಿವೆ? ಅವನ್ನು ಸೇರಿಸಿದವರು ಇನ್ನೂ ನಿಮ್ಮಲ್ಲೇ ಕೆಲಸ ಮಾಡುತ್ತಿದ್ದಾರಾ?

'ನಾವು ಒಪ್ಪಿಗೆ ಕೇಳುತ್ತೇವಲ್ಲ' ಅನ್ನುತ್ತೀರಿ. ಆ ಪೆಟ್ಟಿಗೆಯನ್ನು ನೀವೇ ಒಮ್ಮೆ ಓದುಗರಾಗಿ ಬಳಸಿ ನೋಡಿ. 'ಎಲ್ಲವನ್ನೂ ಒಪ್ಪುತ್ತೇನೆ' ಅನ್ನುವುದು ದೊಡ್ಡದು, ಬಣ್ಣದ್ದು, ಒಂದೇ ಒತ್ತು. ಬೇಡ ಅನ್ನಬೇಕಾದರೆ 'ಆಯ್ಕೆಗಳು' ಒಳಗೆ ಹೋಗಬೇಕು, ಅಲ್ಲಿ ನೂರಾರು ಕಂಪನಿಗಳ ಪಟ್ಟಿ, ಪಕ್ಕದಲ್ಲಿ 'ನ್ಯಾಯಬದ್ಧ ಹಿತಾಸಕ್ತಿ' (ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಬಹುದು ಅನ್ನುವ ವಾದ) ಅನ್ನುವ ಇನ್ನೊಂದು ಕಾಲಂ ಮೊದಲೇ ಆನ್ ಆಗಿರುತ್ತದೆ. ನಿಮ್ಮ ಪಾಲುದಾರರು ಅಂತ ಬರೆದಿರುವ ಆ ಕಂಪನಿಗಳಲ್ಲಿ ಹತ್ತರ ಹೆಸರು ನೋಡದೆ ಹೇಳಿ ನೋಡೋಣ. ಇಂಥ ಆಟಕ್ಕೇ ಫ್ರಾನ್ಸಿನ ಖಾಸಗಿತನದ ಪ್ರಾಧಿಕಾರ ಸಿಎನ್‌ಐಎಲ್ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೊ, ಫೇಸ್‌ಬುಕ್‌ಗೆ 6 ಕೋಟಿ ಯೂರೊ ದಂಡ ಪ್ರಕಟಿಸಿತು. ಒಪ್ಪುವುದು ಎಷ್ಟು ಸುಲಭವೋ ಬೇಡ ಅನ್ನುವುದೂ ಅಷ್ಟೇ ಸುಲಭ ಇರಬೇಕು ಅನ್ನುವುದು ಅದರ ವಾದ. ಅದಕ್ಕೂ ಮುಂಚೆ, 2021ರ ಜುಲೈನಲ್ಲಿ, ಅದೇ ಪ್ರಾಧಿಕಾರ ಲೆ ಫಿಗರೊ ಪತ್ರಿಕೆಯ ಸಂಸ್ಥೆಗೆ 50,000 ಯೂರೊ ದಂಡ ಹಾಕಿತ್ತು. ಪತ್ರಿಕೆಯ ತಾಣದಲ್ಲಿ ಅದರ ಪಾಲುದಾರರು ಒಪ್ಪಿಗೆಯಿಲ್ಲದೆ ಕುಕಿ ಇಟ್ಟಿದ್ದರು. 'ಇಟ್ಟದ್ದು ನಾವಲ್ಲ' ಅನ್ನುವ ಉತ್ತರ ಅಲ್ಲಿ ನಡೆಯಲಿಲ್ಲ. ಆ ದಂಡದ ಮೊತ್ತ ಸಣ್ಣದು, ನಿಮ್ಮ ಮಟ್ಟಿಗೆ ತೂಕ ಅದಕ್ಕೇ ಜಾಸ್ತಿ.

ಕುಕಿಯ ಕಾಲ ಮುಗಿಯಿತು ಅಂತಲೂ ಕೇಳಿರುತ್ತೀರಿ. ಫೈರ್‌ಫಾಕ್ಸ್ 2019ರಲ್ಲಿ ಗೊತ್ತಿರುವ ಟ್ರ್ಯಾಕರ್‌ಗಳ ಕುಕಿ ತಡೆಯಿತು. ಸಫಾರಿ 2020ರಲ್ಲಿ ಬೇರೆ ತಾಣಗಳ ಎಲ್ಲ ಕುಕಿಯನ್ನೂ ತಡೆಯಿತು. ಕ್ರೋಮ್‌ನಲ್ಲೂ ತೆಗೆಯುತ್ತೇವೆ ಅಂತ 2020ರಲ್ಲಿ ಹೇಳಿದ್ದ ಗೂಗಲ್ ಮುಂದೂಡುತ್ತಾ ಬಂದು 2024ರಲ್ಲಿ ಮಾತು ಬದಲಿಸಿತು. ಅಷ್ಟರಲ್ಲಿ ಉದ್ಯಮ ಬೇರೆ ದಾರಿಗಳನ್ನು ಹುಡುಕಿಕೊಂಡಾಗಿತ್ತು. ಟ್ರ್ಯಾಕರ್ ಕಂಪನಿಯ ಸರ್ವರ್‌ಗೆ ನಿಮ್ಮ ತಾಣದ್ದೇ ಉಪವಿಳಾಸ ಕೊಟ್ಟರೆ ಬ್ರೌಸರ್ ಅದನ್ನು ಮನೆಯವರು ಅಂದುಕೊಳ್ಳುತ್ತದೆ. ಪರದೆಯ ಅಳತೆ, ಫಾಂಟುಗಳು, ಚಿತ್ರ ಬಿಡಿಸುವ ರೀತಿಯಲ್ಲಿರುವ ಸಣ್ಣ ವ್ಯತ್ಯಾಸ ಇವನ್ನೆಲ್ಲ ಕೂಡಿಸಿ ಕುಕಿಯಿಲ್ಲದೆಯೂ ಒಂದು ಯಂತ್ರವನ್ನು ಗುರುತು ಹಿಡಿಯಬಹುದು. 'ಪೂರ್ತಿ ಓದಲು ಇಮೇಲ್ ಕೊಡಿ' ಅಂತ ಕೇಳಿ, ಆ ಇಮೇಲನ್ನು ಒಂದು ಉದ್ದನೆಯ ಸಂಖ್ಯೆಯಾಗಿ ಬದಲಿಸಿ, ಅದನ್ನೇ ಗುರುತಾಗಿ ಹರಾಜಿಗೆ ಕೊಡುವುದು ಈಗಿನ ಚಾಳಿ. ಒಂದೇ ಇಮೇಲ್‌ನಿಂದ ಎಲ್ಲ ಕಡೆಯೂ ಒಂದೇ ಸಂಖ್ಯೆ ಹುಟ್ಟುವುದರಿಂದ ಇದು ಕುಕಿಗಿಂತ ಗಟ್ಟಿ. ಕುಕಿಯನ್ನಾದರೂ ಅಳಿಸಬಹುದಿತ್ತು. ಇಮೇಲ್ ವಿಳಾಸವನ್ನು ಯಾರು ತಿಂಗಳಿಗೊಮ್ಮೆ ಬದಲಿಸುತ್ತಾರೆ?

ಇನ್ನೊಂದು ಬಗೆಯ ಸ್ಕ್ರಿಪ್ಟ್ ಇದೆ, ಇದು ನನಗೆ ಸ್ವಲ್ಪ ಹೆಚ್ಚೇ ಮುಜುಗರ ತರುತ್ತದೆ. ಓದುಗರ ಮೌಸ್ ಎಲ್ಲಿ ಹೋಯಿತು, ಎಲ್ಲಿ ನಿಂತಿತು, ಏನು ಟೈಪ್ ಮಾಡಿ ಅಳಿಸಿದರು ಎಲ್ಲವನ್ನೂ ವಿಡಿಯೊ ಥರ ಹಿಡಿದಿಟ್ಟು ಆಮೇಲೆ ಓಡಿಸಿ ನೋಡುವ ಸೌಲಭ್ಯ. ಪ್ರಿನ್ಸ್‌ಟನ್‌ನವರು 2017ರಲ್ಲಿ ಇಂಥ ಸೇವೆ ಕೊಡುವ ಕೆಲವು ಕಂಪನಿಗಳ ಸ್ಕ್ರಿಪ್ಟ್‌ಗಳನ್ನು ಹುಡುಕಿದಾಗ ಜಗತ್ತಿನ ಮುಂಚೂಣಿಯ 50,000 ತಾಣಗಳಲ್ಲಿ 482 ಕಡೆ ಸಿಕ್ಕವು. ವಿನ್ಯಾಸ ಸುಧಾರಿಸಲು ಬೇಕು ಅನ್ನುತ್ತಾರೆ. ನಾನೂ ವಿನ್ಯಾಸ ಮಾಡುವವನೇ. ಅದಕ್ಕೆ ನಾಲ್ಕು ಜನರನ್ನು ಕರೆದು, ಕೇಳಿ, ಎದುರಿಗೆ ಕೂರಿಸಿಕೊಂಡು ನೋಡಿದರೆ ಸಾಕು.

2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ಒಳ್ಳೆಯ ಕೆಲಸ ಮಾಡಿತು. ಸುದ್ದಿ ಪುಟಗಳ ಟ್ರ್ಯಾಕರ್‌ಗಳ ಬಗ್ಗೆ ಸಂಶೋಧಕ ತಿಮೊತಿ ಲಿಬರ್ಟ್ ಬರೆದ ಲೇಖನವನ್ನು ತನ್ನಲ್ಲೇ ಪ್ರಕಟಿಸಿತು. ಅದರಲ್ಲಿ ಟೈಮ್ಸ್‌ನ ಪುಟಗಳಿಗೂ ವಿನಾಯಿತಿ ಇರಲಿಲ್ಲ. ನಿಮ್ಮಲ್ಲಿ ಎಷ್ಟು ಜನ ಅಂಥದ್ದೊಂದು ಲೇಖನ ಹಾಕುತ್ತೀರಿ? ಡೇಟಾ ಸೋರಿಕೆ, ಸರಕಾರಿ ಕಣ್ಗಾವಲು, ಫೋನ್ ಕದ್ದಾಲಿಕೆ ಬಗ್ಗೆ ನೀವು ಬರೆದ ವರದಿಗಳನ್ನು ನಾನು ಮೆಚ್ಚಿ ಓದಿದ್ದೇನೆ. ಅವುಗಳನ್ನು ಓದುವಾಗಲೂ ಆ ನೆಟ್‌ವರ್ಕ್ ಟ್ಯಾಬ್ ತುಂಬುತ್ತಲೇ ಇರುತ್ತದೆ.

ಹಾಗಾದರೆ ಏನು ಮಾಡಬೇಕು? ಜಾಹೀರಾತೇ ಬೇಡ ಅನ್ನುವವನಲ್ಲ ನಾನು. ಒಂದು ಕೆಲಸ ಮೊದಲು ಮಾಡಿ. ನಿಮ್ಮ ತಾಣದ ವಿಳಾಸದ ಮುಂದೆ ಒಂದು ಓರೆಗೆರೆ ಹಾಕಿ ಆ್ಯಡ್ಸ್ ಡಾಟ್ ಟಿಎಕ್ಸ್‌ಟಿ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ನಕಲಿ ಮಾರಾಟಗಾರರನ್ನು ತಡೆಯಲು 2017ರಲ್ಲಿ ಬಂದ ಫೈಲ್ ಇದು. ನಿಮ್ಮ ಜಾಗವನ್ನು ಮಾರಲು ನೀವು ಅಧಿಕಾರ ಕೊಟ್ಟ ಎಲ್ಲ ಕಂಪನಿಗಳೂ ಅಲ್ಲಿರುತ್ತವೆ. ಒಂದೊಂದು ಸಾಲಿನ ಕೊನೆಗೆ ಡೈರೆಕ್ಟ್ ಅಂತಲೋ ರೀಸೆಲ್ಲರ್ ಅಂತಲೋ ಇರುತ್ತದೆ. ರೀಸೆಲ್ಲರ್ ಅಂದರೆ ನಿಮ್ಮ ಜೊತೆ ನೇರ ವ್ಯವಹಾರ ಇಲ್ಲದವರು. ಆ ಸಾಲುಗಳನ್ನು ಮೇಲಿಂದ ಕೆಳಗೆ ಓದಿ. ಪಟ್ಟಿ ನೂರಾರು ಸಾಲು ಹೋದರೆ ಆಶ್ಚರ್ಯಪಡಬೇಡಿ. ಒಂದು ವರ್ಷದಲ್ಲಿ ಯಾವ ಸಾಲಿನಿಂದ ಎಷ್ಟು ದುಡ್ಡು ಬಂತು ಅಂತ ಜಾಹೀರಾತು ವಿಭಾಗವನ್ನು ಕೇಳಿ. ಏನೂ ಬಾರದ ಸಾಲುಗಳನ್ನು ಅಳಿಸಿ. ನಾನು ನೋಡಿದ ಮಟ್ಟಿಗೆ ಇದಕ್ಕೆ ಯಾರೂ ಅಡ್ಡಿ ಮಾಡುವುದಿಲ್ಲ. ಯಾವ ಸಾಲು ಯಾಕಿದೆ ಅಂತ ಯಾರಿಗೂ ನೆನಪಿರುವುದಿಲ್ಲ, ಅಷ್ಟೇ.

ಆಮೇಲೆ, ಪುಟಕ್ಕೆ ಹೊಸ ಸ್ಕ್ರಿಪ್ಟ್ ಸೇರಬೇಕಾದರೆ ಸಂಪಾದಕೀಯ ವಿಭಾಗದ ಒಬ್ಬರ ಸಹಿ ಬೇಕು ಅಂತ ನಿಯಮ ಮಾಡಿ. ಅವರಿಗೆ ಕೋಡ್ ಬರಬೇಕಾಗಿಲ್ಲ. ಇದು ಯಾರದ್ದು, ಏನು ಕಳಿಸುತ್ತದೆ, ಯಾರಿಗೆ, ಎಲ್ಲಿಯವರೆಗೆ ಇರುತ್ತದೆ ಅಂತ ಕೇಳಲು ಬಂದರೆ ಸಾಕು. ಕೇಳುವುದು ನಿಮ್ಮ ಕಸುಬೇ ತಾನೇ. ಟ್ಯಾಗ್ ಮ್ಯಾನೇಜರ್‌ನ ಪಾಸ್‌ವರ್ಡ್ ಯಾರ್‍ಯಾರ ಬಳಿ ಇದೆ ಅನ್ನುವುದನ್ನೂ ಒಮ್ಮೆ ವಿಚಾರಿಸಿ. ಅದು ಇದ್ದವರು ನಿಮ್ಮ ಮುಖಪುಟದಲ್ಲಿ ಏನು ಬೇಕಾದರೂ ಓಡಿಸಬಹುದು, ನಿಮ್ಮ ಒಬ್ಬ ಡೆವಲಪರ್‌ಗೂ ತಿಳಿಯದ ಹಾಗೆ.

ಆತ್ಮಹತ್ಯೆ, ಲೈಂಗಿಕ ದೌರ್ಜನ್ಯ, ಗರ್ಭಪಾತ, ಮಾನಸಿಕ ಕಾಯಿಲೆ, ಸಲಿಂಗಿಗಳ ಬದುಕು ಇಂಥ ವಿಷಯದ ಪುಟಗಳನ್ನು ಹರಾಜಿನಿಂದ ಹೊರಗಿಡಿ. ಅಲ್ಲಿ ನಿಮ್ಮ ಚಂದಾದ ಜಾಹೀರಾತನ್ನೇ ಹಾಕಿ, ಇಲ್ಲದಿದ್ದರೆ ಖಾಲಿ ಬಿಡಿ. ಇಂಥ ಪುಟಗಳು ಬೇಡ ಅಂತ ಎಷ್ಟೋ ಜಾಹೀರಾತುದಾರರೇ ತಮ್ಮ ಬ್ರ್ಯಾಂಡಿನ ಹೆಸರು ಕೆಡಬಾರದು ಅಂತ ತಡೆ ಹಾಕಿಕೊಂಡಿರುತ್ತಾರೆ. ಹಾಗಾಗಿ ನಷ್ಟ ನೀವು ಅಂದುಕೊಂಡಷ್ಟು ಇರಲಾರದು.

ಕೊನೆಯದು, ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ನಿಮ್ಮ ತಾಣದಲ್ಲಿ 'ನಮಗೆ ಸುಳಿವು ಕೊಡಿ' ಅನ್ನುವ ಪುಟ ಇದೆ. ಕಚೇರಿಯೊಳಗಿನ ಅಕ್ರಮ ಗೊತ್ತಿರುವವರು, ದಾಖಲೆ ಕೈಯಲ್ಲಿರುವವರು ಮೊದಲು ಬಂದು ಓದುವುದು ಅದನ್ನು. 'ನಿಮ್ಮ ಗುರುತನ್ನು ಗುಟ್ಟಾಗಿ ಇಡುತ್ತೇವೆ' ಅಂತ ನೀವು ಅಲ್ಲಿ ಬರೆದಿದ್ದೀರಿ. ನಾನು ತೆರೆದು ನೋಡಿದ ಇಂಥ ಪುಟಗಳಲ್ಲಿ ಕೆಲವು ಉಳಿದ ಪುಟಗಳ ಟೆಂಪ್ಲೇಟ್‌ನಲ್ಲೇ ಇದ್ದವು. ಅದೇ ಟ್ಯಾಗ್ ಮ್ಯಾನೇಜರ್, ಅದೇ ಪಿಕ್ಸೆಲ್, ಅದೇ ಸೋಶಿಯಲ್ ಮೀಡಿಯಾ ಬಟನ್. ಸುಳಿವು ಕೊಡಲು ಬಂದವರು ಅದೇ ಬ್ರೌಸರ್‌ನಲ್ಲಿ ತಮ್ಮ ಹೆಸರಿನ ಖಾತೆಗೆ ಲಾಗಿನ್ ಆಗಿದ್ದರೆ, ಅವರು ಆ ಪುಟಕ್ಕೆ ಬಂದದ್ದು ನಿಮಗಿಂತ ಮೊದಲು ಬೇರೆಯವರಿಗೆ ಗೊತ್ತಾಗಬಹುದು. ಮೂಲವನ್ನು ಕಾಪಾಡಲು ಜೈಲಿಗೆ ಹೋಗಲೂ ಸಿದ್ಧರಾದ ಪತ್ರಕರ್ತರಿದ್ದಾರೆ. ಅಂಥ ವೃತ್ತಿಯ ಪುಟ ಇದು.

ದಾಖಲೆಗಳನ್ನು ಗುಟ್ಟಾಗಿ ಕಳಿಸಲು ಸೆಕ್ಯೂರ್‌ಡ್ರಾಪ್ ಅನ್ನುವ ತಂತ್ರಾಂಶವಿದೆ, ಅಮೆರಿಕದ ಪ್ರೋಗ್ರಾಮರ್ ಆರನ್ ಸ್ವಾರ್ಟ್ಜ್ ಶುರುಮಾಡಿದ ಕೆಲಸದಿಂದ ಬೆಳೆದದ್ದು. ಈಗ ಫ್ರೀಡಂ ಆಫ್ ದಿ ಪ್ರೆಸ್ ಫೌಂಡೇಶನ್ ನೋಡಿಕೊಳ್ಳುತ್ತದೆ. ಅದಕ್ಕೆ ದಾರಿ ತೋರಿಸುವ ಪುಟದಲ್ಲಿ ಹೊರಗಿನವರ ಯಾವ ಸ್ಕ್ರಿಪ್ಟೂ ಚಿತ್ರವೂ ಇರಬಾರದು ಅಂತ ಅವರ ಮಾರ್ಗಸೂಚಿ ಬಿಡಿಸಿ ಹೇಳುತ್ತದೆ. ನೀವು ಸೆಕ್ಯೂರ್‌ಡ್ರಾಪ್ ಬಳಸದಿದ್ದರೂ ಈ ಮಾತು ಅನ್ವಯಿಸುತ್ತದೆ. ಆ ಪುಟದಿಂದ ಜಾಹೀರಾತು ವಿಭಾಗಕ್ಕೆ ಹೇಳಿಕೊಳ್ಳುವಂಥ ಆದಾಯ ಇಲ್ಲ, ಹಾಗಾಗಿ ಅವರ ಒಪ್ಪಿಗೆಗೆ ಕಾಯಬೇಕಿಲ್ಲ. ಆ ಪುಟಕ್ಕೆ ಏನೂ ಇಲ್ಲದ ಬೇರೆ ಟೆಂಪ್ಲೇಟ್ ಹಾಕಬೇಕು. ಒಬ್ಬ ಡೆವಲಪರ್‌ಗೆ ಅರ್ಧ ದಿನದ ಕೆಲಸ. ಉಳಿದ ಮಾತಿಗೆಲ್ಲ ಸಭೆ ಬೇಕಾಗಬಹುದು, ಇದನ್ನು ಇವತ್ತೇ ಹೇಳಿ ಮಾಡಿಸಿ.

ಇಂತಿ,
ನಿಮ್ಮ ಓದುಗ